ಬೋಟಿನ ಮರ್ಯಾದೆ

"ಆಗುದಿಲ್ಲ ಅಂದ್ರೆ ಆಗುದಿಲ್ಲ," ಎಂದು ಸೇಸಪ್ಪ ಬಣ್ಣದ ಡಬ್ಬಿಯ ಮುಚ್ಚಳವನ್ನು ಅಂಗೈಯಿಂದ ಗುದ್ದಿ ಕೂರಿಸಿದರು. "ನೀನು ಬೇರೆ ಎಂತ ಬೇಕಾದ್ರೂ ಕೇಳು ಮಗಾ. ಇದೊಂದು ಕೇಳ್ಬೇಡ."

ಯಶ್ಮಿತಾ ಮೀನು ಬಂದರಿನ ದಕ್ಕೆಯ ಕಟ್ಟೆಯ ಮೇಲೆ, ನೀರಿನ ಅಂಚಿನಿಂದ ಒಂದು ಮಾರು ಹಿಂದೆ ನಿಂತಿದ್ದಳು. ಜುಲೈ ತಿಂಗಳು. ಮಳೆಗಾಲದಲ್ಲಿ ಟ್ರಾಲ್ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲವಾದ್ದರಿಂದ ಬಂದರಿನ ಬೋಟುಗಳೆಲ್ಲ ಒಂದಕ್ಕೊಂದು ಒರಗಿಕೊಂಡು ತೂಕಡಿಸುತ್ತಿದ್ದವು. ಮಳೆ ಒಂದು ಗಳಿಗೆ ಬಿಟ್ಟಿದ್ದೇ ಸಾಕೆಂದು ಪೇಂಟರ್ ಬಂದು ಅಪ್ಪನ ಬೋಟಿನ ಮೂತಿಯ ಮೇಲೆ ಹೊಸದಾಗಿ ಹೆಸರು ಬರೆದು ಹೋಗಿದ್ದ. ಕೆಂಪು ಅಕ್ಷರ, ಸುತ್ತ ಹಳದಿ ಗೆರೆ: 'ಶ್ರೀ ಯಶ್ಮಿತಾ'. ಅವಳು ಹುಟ್ಟಿದ ವರ್ಷ ನೀರಿಗಿಳಿದ ಬೋಟು ಅದು. ಹೆಸರು ಅವಳದ್ದು. ಒಳಗೆ ಕಾಲಿಡುವುದು ಮಾತ್ರ ಈ ಇಪ್ಪತ್ತೇಳು ವರ್ಷಗಳಲ್ಲಿ ಒಮ್ಮೆಯೂ ಆಗಿರಲಿಲ್ಲ.

"ಬೋಟು ಸುಮ್ಮನೆ ನಿಂತಿದೆಯಲ್ಲ ಅಪ್ಪ. ನಾನು ಕಡಲಿಗೆ ಹೋಗ್ತೇನೆ ಅಂದೆನಾ? ಇಲ್ಲಿಂದ ಅಲ್ಲಿಗೆ ದಾಟುದು, ಅಲ್ಲಿಂದ ಇಲ್ಲಿಗೆ ದಾಟುದು. ಅಭ್ಯಾಸಕ್ಕೆ. ಅಷ್ಟೇ."

"ಹೆಣ್ಮಕ್ಕಳು ಹತ್ತುವ ಕ್ರಮ ಇಲ್ಲ. ನಾನು ಮಾಡಿದ ಕ್ರಮವಾ ಅದು?"

"ಹೆಸರು ಬರೀಲಿಕ್ಕೆ ಕ್ರಮ ಉಂಟಾ?"

ಸೇಸಪ್ಪ ಹೆಸರಿನ ಕಡೆ ಒಮ್ಮೆ ನೋಡಿದರು. ಹಸಿ ಬಣ್ಣಕ್ಕೆ ಒಂದು ಹುಳ ಅಂಟಿಕೊಂಡಿತ್ತು. ಉಗುರಿನ ತುದಿಯಿಂದ ಅದನ್ನು ಜೋಪಾನವಾಗಿ ತೆಗೆದರು. "ಬೋಟು ನನ್ನೊಬ್ಬನದ್ದಲ್ಲ ಮಗಾ. ಹತ್ತು ಮನೆ ಅದರಲ್ಲಿ ಉಣ್ತದೆ. ಆಗಸ್ಟಿನಲ್ಲಿ ನಾಲ್ಕು ಸಲ ಬಲೆ ಖಾಲಿ ಬಂತು ಅಂತ ಇಟ್ಟುಕೋ. ಯಾರ ಹೆಸರು ಹೇಳ್ತಾರೆ ಗೊತ್ತುಂಟಾ? ನಿನ್ನದು. ಅದನ್ನು ನಂಗೆ ಕೇಳ್ಲಿಕ್ಕಾಗುದಿಲ್ಲ."

ಇದೂ ಪ್ರೀತಿಯೇ. ಸೇಸಪ್ಪನವರ ಪ್ರೀತಿ ಯಾವಾಗಲೂ ಬೇಡ ಎನ್ನುವ ಮಾತಿನಲ್ಲೇ ಬರುತ್ತಿತ್ತು. ಮಗಳಿಗೆ ಅದು ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದರಿಂದಲೇ ಅವಳ ಸಿಟ್ಟು ಇನ್ನಷ್ಟು ಏರಿತು.

ಅವಳ ಆಫೀಸು ಹಂಪನಕಟ್ಟೆಯಲ್ಲಿ, ಒಂದು ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಕೆಳಗೆ ಸಿಟಿ ಬಸ್ಸಿನ ಕಂಡಕ್ಟರುಗಳು ಗಂಟಲು ಹರಿದುಕೊಳ್ಳುತ್ತಿದ್ದರೆ, ಮೇಲೆ ಎಸಿಯ ತಂಪಿನಲ್ಲಿ ಗೋಡೆ ತುಂಬ ಪರದೆಗಳು. ಪರದೆಯ ಮೇಲೆ ಯುರೋಪಿನ ಒಂದು ಬೂದು ಕಡಲು, ಅದರ ನಡುವೆ ಸಾಲಾಗಿ ನೆಟ್ಟ ದೊಡ್ಡ ದೊಡ್ಡ ಗಾಳಿಯಂತ್ರಗಳು. ಯಾವುದರ ಗೇರ್‌ಬಾಕ್ಸ್ ಬಿಸಿಯಾಗುತ್ತಿದೆ, ಯಾವುದರ ರೆಕ್ಕೆ ಗಾಳಿಗೆ ಸರಿಯಾಗಿ ಹೊರಳುತ್ತಿಲ್ಲ ಎಂದು ಇಲ್ಲಿ ಕೂತೇ ಗೊತ್ತಾಗುತ್ತದೆ. ಗೊತ್ತಾದರೆ ಅಲ್ಲಿನ ಟೆಕ್ನೀಶಿಯನ್ನರನ್ನು ಬೋಟಿನಲ್ಲಿ ಕಳಿಸಬೇಕು. ಅಲೆ ದೊಡ್ಡದಾದರೆ ತಡೆಯಬೇಕು. ಅವರು ಬೋಟಿನಿಂದ ಯಂತ್ರದ ಕಂಬಕ್ಕೆ ದಾಟುವಾಗ ಒಬ್ಬೊಬ್ಬರ ಹೆಸರು ಕರೆದು ವಿಚಾರಿಸಬೇಕು. ರಿಪೇರಿ ಮುಗಿದು ಎಲ್ಲರೂ ಕೆಳಗಿಳಿದ ಮೇಲೆ ಯಂತ್ರವನ್ನು ಮತ್ತೆ ತಿರುಗಿಸಬೇಕು. ಯಶ್ಮಿತಾ ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಮುಗಿಸಿ ನಾಲ್ಕು ವರ್ಷದಿಂದ ಇದನ್ನೇ ಮಾಡುತ್ತಿದ್ದಳು. ಆ ಯಂತ್ರಗಳ ಒಂದೊಂದು ಜ್ವರವೂ ಅವಳಿಗೆ ಗೊತ್ತಿತ್ತು. ಮುಟ್ಟಿ ನೋಡಿದ್ದು ಒಂದನ್ನೂ ಇಲ್ಲ.

ಹೊಸ ಕಾಲದ ಉದ್ಯೋಗವಾದರೂ ಅದರೊಳಗೆ ಎರಡೇ ಎರಡು ಜಾತಿ. ಕಡಲಿಗೆ ಹೋದವರು, ಹೋಗದವರು. ಹೋದವರು ಲೀಡ್ ಆಗುತ್ತಾರೆ, ಮ್ಯಾನೇಜರ್ ಆಗುತ್ತಾರೆ, ನಾಳೆ ನಮ್ಮ ದೇಶದ ಕಡಲಿನಲ್ಲೂ ಇಂಥ ಯಂತ್ರಗಳು ಎದ್ದರೆ ಅವರನ್ನೇ ಹುಡುಕಿಕೊಂಡು ಬರುತ್ತಾರೆ. ಹೋಗದವರು ಎಷ್ಟೇ ಚುರುಕಾಗಿರಲಿ, ಪರದೆಯ ಮುಂದೆಯೇ ಕನ್ನಡಕದ ನಂಬರು ಹೆಚ್ಚಿಸಿಕೊಳ್ಳುತ್ತಾ ಕೂರಬೇಕು. ಮಂಗಳೂರಿನ ಆಫೀಸಿನಿಂದ ಇದುವರೆಗೆ ಒಬ್ಬರನ್ನೂ ಆ ಕಡಲಿಗೆ ಕರೆದಿರಲಿಲ್ಲ. ಈ ವರ್ಷ ಮೊದಲ ಬಾರಿಗೆ ಒಬ್ಬರನ್ನು ಮೂರು ವರ್ಷಕ್ಕೆ ಕರೆಸಿಕೊಳ್ಳುತ್ತೇವೆ ಎಂದಿದ್ದರು. ಓದಿನ ಪರೀಕ್ಷೆಯಲ್ಲಿ ಉಳಿದದ್ದು ಇಬ್ಬರು: ಯಶ್ಮಿತಾ ಮತ್ತು ಅವಳ ಪಕ್ಕದ ಕುರ್ಚಿಯ ದೀಪೇಶ್. ಅದರಲ್ಲೂ ಅವಳ ಅಂಕ ಹೆಚ್ಚು. ಇನ್ನು ಬೋಟಿನ ಪರೀಕ್ಷೆಯೊಂದು ಪಾಸಾದರೆ ಕುರ್ಚಿ ಅವಳದ್ದೇ ಎಂದು ಮ್ಯಾನೇಜರ್ ಬೆನಿಟಾ ಮೇಡಂ ಬಾಯಿಬಿಟ್ಟೇ ಹೇಳಿದ್ದರು.

"ನಿನಗೆಂತ ಹೆದರಿಕೆ ಮಾರಾಯ್ತಿ? ಉಳ್ಳಾಲದ ಮೊಗವೀರರ ಹುಡುಗಿ ನೀನು. ಕಡಲು ಅಂದ್ರೆ ನಿಮ್ಮ ಮನೆ ಹಿತ್ತಿಲು. ಪಾಪ ದೀಪೇಶನ ವಿಷಯ ಹೇಳು. ಅವನಿಗೆ ಕಡವಿನ ದೋಣಿಯಲ್ಲಿ ಕೂತ್ರೆ ವಾಂತಿ," ಎಂದಿದ್ದರು ಮೇಡಂ.

ಯಶ್ಮಿತಾ ನಕ್ಕಿದ್ದಳು. ಹಿತ್ತಿಲಿಗೆ ಬಾಗಿಲು ಇದ್ದದ್ದು ಗಂಡಸರಿಗೆ ಮಾತ್ರ ಎಂದು ಹೇಗೆ ಹೇಳುವುದು? ಜನರನ್ನು ಹೊಳೆ ದಾಟಿಸುವ ಕಡವಿನ ದೋಣಿ ಬೇರೆ, ಮೀನಿನ ಬೋಟು ಬೇರೆ. ಅವಳ ತಾಯಿ ವಾರಿಜಾಕ್ಷಿ ಮದುವೆಯಾಗಿ ಬಂದಾಗಿನಿಂದ ದಕ್ಕೆಯಲ್ಲಿ ಮೀನು ಏಲಂ ಕೂಗಿ ಬುಟ್ಟಿ ಹೊತ್ತು ಮಾರಿದವಳು. ಅವಳ ಬಳೆ ಮಾರಿದ ದುಡ್ಡು ಆ ಬೋಟಿನ ಇಂಜಿನಿಗೆ ಹೋಗಿತ್ತು. ಆದರೂ ಅವಳ ಪಾದ ಕಟ್ಟೆಯ ಅಂಚಿನಿಂದ ಮುಂದೆ ಹೋಗಿರಲಿಲ್ಲ.

"ಒಳಗೆ ಹೇಗುಂಟು ಅಂತ ನಾನು ಇವತ್ತಿನವರೆಗೆ ನೋಡ್ಲಿಲ್ಲ," ಎಂದಳು ವಾರಿಜಾಕ್ಷಿ, ಆ ಸಂಜೆ ಬಂಗುಡೆ ಮೀನು ಸೀಳುತ್ತಾ. "ನೋಡಿ ಎಂತ ಆಗ್ಲಿಕ್ಕುಂಟು? ನೀನು ಅಪ್ಪನ ಹತ್ರ ಜಗಳ ಮಾಡ್ಬೇಡ. ಕೋಟೆಪುರದ ಸುಲೈಮಾನ್ ಬ್ಯಾರಿಗಳ ಹತ್ರ ಕೇಳು. ಅವರದ್ದು ಚಿಕ್ಕ ದೋಣಿ, ಮಳೆಗಾಲದಲ್ಲೂ ಓಡಿಸ್ತಾರೆ, ಹೆಣ್ಮಕ್ಕಳು ಹತ್ತಿದ್ರೆ ಬೇಡ ಅನ್ನುದಿಲ್ಲ. ನಾನು ಹೇಳಿದೆ ಅಂತ ಮಾತ್ರ ಹೇಳ್ಬೇಡ."

ಸುಲೈಮಾನ್ ಬ್ಯಾರಿಗಳಿಗೆ ವಿಷಯ ಕೇಳಿ ನಗು ಬಂತು. "ನಿನ್ನ ಅಪ್ಪನಿಗೆ ಅಷ್ಟು ದೊಡ್ಡ ಬೋಟು ಉಂಟು, ನೀನು ನನ್ನ ಈ ಚಿಕ್ಕ ಓಡಕ್ಕೆ ಬಂದೆಯಾ?" ಎಂದರು. ಆಮೇಲೆ ತಲೆಯ ಮೇಲಿನ ಬಟ್ಟೆ ಬಿಚ್ಚಿ ಮುಖ ಒರೆಸಿಕೊಂಡು, "ಬಾ. ಚಪ್ಪಲಿ ದಡದಲ್ಲಿರ್ಲಿ," ಎಂದರು.

ಅದನ್ನು ಅವರು ಹೇಳಬೇಕಾಗಿಯೇ ಇರಲಿಲ್ಲ. ಅನ್ನ ಕೊಡುವ ದೋಣಿಗೆ ಚಪ್ಪಲಿ ಕಾಲಿನಲ್ಲಿ ಹತ್ತುವವರು ಆ ಕರಾವಳಿಯಲ್ಲಿ, ಯಾವ ಜಾತಿಯಲ್ಲೂ ಇಲ್ಲ. ಅವಳ ಕಾಲು ಆಗಲೇ ಚಪ್ಪಲಿಯಿಂದ ಹೊರಗೆ ಬಂದಿತ್ತು.

ಎರಡು ವಾರ ಬೆಳಿಗ್ಗೆ ಡ್ಯೂಟಿಗೆ ಮುಂಚೆ ಅವಳು ಕೋಟೆಪುರಕ್ಕೆ ಹೋದಳು. ನೇತ್ರಾವತಿ ಕಡಲು ಸೇರುವ ಅಳಿವೆಯಲ್ಲಿ ಮಳೆಗಾಲದ ನೀರು ಉಬ್ಬಿ ಇಳಿಯುತ್ತಿತ್ತು. ಸುಲೈಮಾನ್ ದೋಣಿಯ ಮೂತಿಯನ್ನು ಕಲ್ಲಿನ ಕಟ್ಟೆಗೆ ಒತ್ತಿ ಹಿಡಿಯುತ್ತಿದ್ದರು. ದೋಣಿ ಮೇಲೆದ್ದಾಗ ದಾಟಬೇಕು, ಇಳಿಯುವಾಗ ಕಾಯಬೇಕು. ಮೊದಲ ದಿನ ಮೊಣಕಾಲು ತರಚಿತು. ಮೂರನೆಯ ದಿನ ನೀರಿಗೇ ಬಿದ್ದಳು. "ಕಣ್ಣಲ್ಲಿ ನೋಡ್ಬೇಡ ಮಗಳೇ, ಅಂಗಾಲಲ್ಲಿ ಕೇಳು," ಎಂದು ಸುಲೈಮಾನ್ ಕೂಗಿದರು. ಅವಳು ಅಂಗಾಲಿನಲ್ಲಿ ಕೇಳುವುದನ್ನು ಕಲಿತಳು. ಹಲಗೆ ನಡುಗಿದರೆ ಏನು, ಬಿಗಿದರೆ ಏನು ಎಂದು ಪಾದಕ್ಕೆ ತಿಳಿಯತೊಡಗಿದ ಮೇಲೆ ದಾಟುವುದು ನೀರು ಕುಡಿದಷ್ಟು ಸುಲಭವಾಯಿತು. ಖುಷಿಯಿಂದ ಅವಳಿಗೆ ಅಲ್ಲೇ ಕುಣಿಯಬೇಕೆನಿಸಿತು. ಮರುದಿನದಿಂದ ಚಪ್ಪಲಿಯ ಬದಲು ಹಾಕಿಕೊಂಡು ಬರುತ್ತಿದ್ದ ಕಂಪನಿಯ ಸೇಫ್ಟಿ ಶೂ ಅಷ್ಟು ದಿನವೂ ದಡದಲ್ಲಿ, ಒಂದರ ಪಕ್ಕ ಒಂದು ಕೂತು ಅವಳನ್ನು ಕಾಯುತ್ತಿತ್ತು.

ಆ ಶೂವಿನ ಕಥೆಯೂ ಒಂದಿಷ್ಟಿದೆ. ಕಂಪನಿಯ ಸಾಮಾನೆಲ್ಲ ಗಂಡಸರ ಅಳತೆಯದು. ಇದ್ದುದರಲ್ಲಿ ಚಿಕ್ಕದೆಂದರೆ ಏಳನೇ ನಂಬರು. ಯಶ್ಮಿತಾಳ ಪಾದ ಐದು. "ದಪ್ಪ ಸಾಕ್ಸ್ ಹಾಕು," ಎಂದಿದ್ದರು ಬೆನಿಟಾ ಮೇಡಂ, "ನಾನು ಬರೆದಿದ್ದೇನೆ, ಬರ್ಲಿಕ್ಕುಂಟು." ಬರಲಿಲ್ಲ. ಎರಡೆರಡು ಸಾಕ್ಸ್ ಹಾಕಿದರೂ ಹಿಮ್ಮಡಿ ಒಳಗೆ ಜಾರುತ್ತಿತ್ತು. ಒಂದು ಕಾಲಿನಿಂದ ಇನ್ನೊಂದನ್ನು ಸ್ವಲ್ಪ ಒತ್ತಿದರೆ ಸಾಕು, ಲೇಸು ಬಿಚ್ಚದೆಯೇ ಕಳಚಿಕೊಳ್ಳುತ್ತಿತ್ತು.

ಪರೀಕ್ಷೆ ನಡೆದದ್ದು ಕೂಳೂರಿನ ಹತ್ತಿರ, ಹೊಳೆ ಬದಿಯ ಒಂದು ಟ್ರೈನಿಂಗ್ ಸೆಂಟರಿನಲ್ಲಿ. ನೀರಿನ ಮಧ್ಯೆ ಹಳದಿ ಬಣ್ಣದ ಕಬ್ಬಿಣದ ಏಣಿ ನಿಲ್ಲಿಸಿದ್ದರು. ಕಟ್ಟೆಯಿಂದ ಬೋಟಿಗೆ, ಬೋಟಿನಿಂದ ಏಣಿಗೆ, ಏಣಿಯಿಂದ ಮತ್ತೆ ಬೋಟಿಗೆ. ಅಲೆ ಎಬ್ಬಿಸಲೆಂದು ಇನ್ನೊಂದು ದೋಣಿ ಆಚೀಚೆ ಓಡುತ್ತಿತ್ತು. ಪರೀಕ್ಷೆ ಮಾಡುವವರು ಆರ್ಥರ್ ಸರ್, ಬೆಂದೂರಿನವರು. ಬಹಳ ವರ್ಷ ಆ ಬೂದು ಕಡಲಿನಲ್ಲೇ ದುಡಿದು ಬಂದ ಮನುಷ್ಯ. ಎಡಗೈಯ ಎರಡು ಬೆರಳು ಅರ್ಧಕ್ಕೆ ನಿಂತಿದ್ದವು.

"ಅಲೆ ನೋಡಿ ಭಯ ಆದ್ರೆ ಬೇಡ ಅಂತ ಹೇಳಿ. ನಾನು ಒಂದು ಮಾರ್ಕ್ ಕೂಡ ಕಟ್ ಮಾಡುದಿಲ್ಲ," ಎಂದರು ಅವರು. "ಆದ್ರೆ ಹೆಲ್ಮೆಟ್, ಜಾಕೆಟ್, ಶೂ. ಈ ಮೂರರಲ್ಲಿ ಒಂದು ಮೈಮೇಲಿಂದ ಇಳಿದ್ರೆ ಪರೀಕ್ಷೆ ಅಲ್ಲಿಗೇ ಮುಗೀತು. ಅದ್ರಲ್ಲಿ ಮಾತುಕತೆ ಇಲ್ಲ. ಗೊತ್ತಾಯ್ತಲ್ಲ?"

ಇಬ್ಬರೂ ಗೊತ್ತಾಯಿತು ಎಂದರು. ಈ ನಿಯಮವನ್ನು ಯಶ್ಮಿತಾ ದಿನಾ ಪರದೆಯ ಮುಂದೆ ಕೂತು ಅಲ್ಲಿಯವರಿಗೆ ಕೇಳಿ ಕೇಳಿ ಬಾಯಿಪಾಠ ಮಾಡಿದ್ದಳು.

ಮೊದಲು ದೀಪೇಶ್. ಅವನ ಮನೆಯವರು ಕಾವೂರಿನ ಕಡೆಯ ಗದ್ದೆ ಬೇಸಾಯದವರು. ಬೋಟು ಅಲುಗಿದ ಕೂಡಲೇ ಮುಖ ಬಿಳಿಚಿಕೊಂಡಿತು. ಏಣಿಯ ಎದುರು ನಿಂತು ಮೂರು ಸಲ ಕೈ ಚಾಚಿ ಮೂರು ಸಲವೂ ಹಿಂದೆ ತೆಗೆದ. ನಾಲ್ಕನೇ ಸಲ ಕಣ್ಣು ಮುಚ್ಚಿಕೊಂಡೇ ಹಿಡಿದನೋ ಏನೋ. ಹೇಗೋ ದಾಟಿ, ಹೇಗೋ ವಾಪಸು ಬಂದು, ಬೋಟಿನ ಅಂಚಿಗೆ ಬಾಗಿ ಬೆಳಿಗ್ಗೆ ತಿಂದದ್ದನ್ನೆಲ್ಲ ಹೊಳೆಗೆ ಒಪ್ಪಿಸಿದ. ಆರ್ಥರ್ ಸರ್ ಅವನ ಬೆನ್ನು ತಟ್ಟಿ ಪಾಸ್ ಎಂದರು.

ಯಶ್ಮಿತಾ ಕಟ್ಟೆಯ ಅಂಚಿಗೆ ಬಂದಳು. ಅವಳ ಮನಸ್ಸಿನಲ್ಲಿ ಎಳ್ಳಷ್ಟೂ ಭಯವಿರಲಿಲ್ಲ. ಆಗ ಗೇಟಿನ ಪಕ್ಕದ ತೆಂಗಿನ ಮರದ ಕೆಳಗೆ ಅಪ್ಪ ನಿಂತಿರುವುದು ಕಂಡಿತು. ಮೇಲೆ ಕಟ್ಟಿದ್ದ ಲುಂಗಿಯನ್ನು ಇಳಿಸಿ, ಕೊಡೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಶಾಲೆಯ ಮೀಟಿಂಗಿಗೆ ಬಂದವರ ಹಾಗೆ ಮುದುಡಿ ನಿಂತಿದ್ದರು. ಬರುತ್ತೇನೆ ಎಂದು ಹೇಳಿರಲಿಲ್ಲ. ಅವಳ ಎದೆ ತುಂಬಿ ಬಂತು. ನೋಡಲಿ, ಚೆನ್ನಾಗಿ ನೋಡಲಿ ಎಂದುಕೊಂಡಳು.

ಬೋಟು ಹತ್ತಿರ ಬಂತು. ಅದೂ ಒಂದು ಕಾಲಕ್ಕೆ ಮೀನಿನ ಬೋಟೇ ಆಗಿತ್ತು. ಈಗ ಕಿತ್ತಳೆ ಬಣ್ಣ ಬಳಿದಿದ್ದರು. ಆದರೆ ಅದನ್ನು ಓಡಿಸುವವನು ಯಾವ ಬಣ್ಣವನ್ನೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಮೂತಿಗೆ ಬೆಳಿಗ್ಗೆ ಒಂದು ದಾಸವಾಳ ಸಿಕ್ಕಿಸಿ, ಊದುಬತ್ತಿ ಹಚ್ಚಿದ್ದ. ಬೂದಿ ಇನ್ನೂ ಉದುರಿರಲಿಲ್ಲ. ಬೋಟು ಉಬ್ಬಿನ ಮೇಲೆ ಎದ್ದಿತು. ಈಗ, ಎಂದಿತು ಅವಳ ಅಂಗಾಲು.

ಎಷ್ಟು ಚೆಂದ ದಾಟಿದಳು! ಒಂದೇ ಹೆಜ್ಜೆ. ಬೋಟು ಅವಳ ಭಾರಕ್ಕೆ ಅಲುಗಲೂ ಇಲ್ಲ. ಹಲಗೆಯ ತಂಪು ಪಾದಕ್ಕೆ ತಾಗಿತು. ಅವಳು ನಿಂತು, ಹೊಗಳಿಕೆಗಾಗಿ ಅಲ್ಲದಿದ್ದರೂ ಒಂದು ತಲೆಯಾಡಿಸುವಿಕೆಗಾಗಿ ಆರ್ಥರ್ ಸರ್ ಮುಖ ನೋಡಿದಳು. ಅವರು ಅವಳನ್ನು ನೋಡುತ್ತಿರಲಿಲ್ಲ. ಕಟ್ಟೆಯನ್ನು ನೋಡುತ್ತಿದ್ದರು.

ಕಟ್ಟೆಯ ಅಂಚಿನಲ್ಲಿ ಏಳನೇ ನಂಬರಿನ ಎರಡು ಶೂಗಳು ಒಂದರ ಪಕ್ಕ ಒಂದು ಕೂತಿದ್ದವು. ಸಾಕ್ಸ್ ಕೂಡ ಅದರೊಳಗೇ ಉಳಿದಿತ್ತು.

"ಎಂತ ಮಾಡಿದೆ ಮಗಾ ನೀನು?" ಎಂದರು ಆರ್ಥರ್ ಸರ್. ಬೈದದ್ದಲ್ಲ. ಬೈದಿದ್ದರೆ ವಾಸಿಯಿತ್ತು.

"ಸರ್, ಗೊತ್ತಾಗ್ಲಿಲ್ಲ. ಕಾಲು... ಸರ್, ಇನ್ನೊಂದು ಸಲ."

"ನನ್ನ ಅಜ್ಜಿ ಕೂಡ ಹೀಗೇ. ದೋಣಿ ಕಂಡ್ರೆ ಚಪ್ಪಲಿ ಬಿಡ್ತಿದ್ರು. ನಂಗೆ ಅರ್ಥ ಆಗ್ತದೆ." ಅವರು ತಮ್ಮ ಅರ್ಧ ಬೆರಳುಗಳನ್ನು ನೋಡಿಕೊಂಡರು. "ಆದ್ರೆ ಅಲ್ಲಿ ಮೇಲಿಂದ ಒಂದು ಸ್ಪ್ಯಾನರ್ ಬಿದ್ರೆ ಪಾದ ಉಳಿಯುದಿಲ್ಲ. ಇವತ್ತು ಯೋಚನೆ ಇಲ್ಲದೆ ಶೂ ಬಿಟ್ಟವಳು ನಾಳೆ ಯೋಚನೆ ಇಲ್ಲದೆ ಸೊಂಟದ ಹಗ್ಗದ ಹುಕ್ ಬಿಡ್ಬಹುದು ಅಂತ ನಾನು ಬರೀಲೇಬೇಕು. ಬರೀದಿದ್ರೆ ನಾನು ನಿನ್ನನ್ನು ಸಾಯ್ಲಿಕ್ಕೆ ಕಳ್ಸಿದ ಹಾಗೆ."

ಅವರ ಮಾತಿನಲ್ಲಿ ತಪ್ಪು ಹುಡುಕಲು ಅವಳಿಗೆ ಒಂದು ಎಳೆಯೂ ಸಿಗಲಿಲ್ಲ. ಸಿಕ್ಕಿದ್ದರೆ ಹಿಡಿದು ಜಗಳವಾದರೂ ಆಡಬಹುದಿತ್ತು. ಬೆನಿಟಾ ಮೇಡಂ ಫೋನಿನಲ್ಲಿ ವಿಷಯ ಕೇಳಿ, "ಮುಂದಿನ ಸಲ ನೋಡುವ," ಎಂದರು. ಈ 'ನೋಡುವ' ಎಂಬುದು ಯಾವ 'ನೋಡುವ' ಎಂದು ಮಂಗಳೂರಿನಲ್ಲಿ ಎಲ್ಲರಿಗೂ ಗೊತ್ತು.

ಅಪ್ಪ ಮಗಳು ಒಂದೇ ಬಸ್ಸಿನಲ್ಲಿ ವಾಪಸು ಹೊರಟರು. ಸೇಸಪ್ಪ ಕಿಟಕಿಯ ಸೀಟು ಅವಳಿಗೆ ಬಿಟ್ಟುಕೊಟ್ಟರು. ಬಸ್ಸು ನಂತೂರಿನಲ್ಲಿ ಲಾರಿಗಳ ನಡುವೆ ಸಿಕ್ಕಿಹಾಕಿಕೊಂಡು ನಿಂತಿತು. ಮಳೆ ಜೋರಾಯಿತು. ಕ್ಲೀನರ್ ಟರ್ಪಾಲಿನ ಪರದೆ ಇಳಿಸಿದ. ಒಳಗೆ ಅರೆಗತ್ತಲು, ಒದ್ದೆ ಕೊಡೆಗಳ ವಾಸನೆ. ಆ ಕತ್ತಲು ಧೈರ್ಯ ಕೊಟ್ಟಿತೋ ಏನೋ, ಸೇಸಪ್ಪ ಬಾಯಿಬಿಟ್ಟರು.

"ನಾನು ನೋಡಿದೆ," ಎಂದರು. ಧ್ವನಿ ಮೆತ್ತಗಾಗಿತ್ತು. "ಎಷ್ಟು ಕಲ್ತರೂ ನೀನು ಬೋಟಿನ ಮರ್ಯಾದೆ ಮರೀಲಿಲ್ಲ ಮಗಾ. ಆ ದೀಪೇಶ ಶೂ ಕಾಲಲ್ಲೇ ಧಡಧಡ ಅಂತ ಹತ್ತಿದ. ನೀನು ಬಿಟ್ಟು ಹತ್ತಿದೆ. ನಂಗೆ ಕಣ್ಣಲ್ಲಿ ನೀರು ಬಂತು."

ಯಶ್ಮಿತಾಳಿಗೆ ಒಂದು ಕ್ಷಣ ಕೇಳಿದ್ದು ಸರಿಯೇ ಎಂದು ಅನುಮಾನವಾಯಿತು. ತಿರುಗಿ ನೋಡಿದರೆ ಅಪ್ಪನ ಮುಖದಲ್ಲಿ ನಿಜಕ್ಕೂ ಹೆಮ್ಮೆ ಇತ್ತು. ಪಾಸೋ ಫೇಲೋ ಎಂಬುದು ಅವರಿಗೆ ಇನ್ನೂ ಗೊತ್ತೇ ಆಗಿರಲಿಲ್ಲ.

"ಅದಕ್ಕೇ ಫೇಲ್ ಆದದ್ದು ನಾನು," ಎಂದಳು. "ಶೂ ಬಿಟ್ಟದ್ದಕ್ಕೆ. ಆ ಧಡಧಡ ಹತ್ತಿದವನು ಹೋಗ್ತಾನೆ. ನಾನಿಲ್ಲೇ ಇರ್ತೇನೆ. ಖುಷಿಯಾ?"

"ಎಂತದ್ದು? ಶೂ ಬಿಟ್ಟದ್ದಕ್ಕೆ ಯಾರಾದ್ರೂ ಫೇಲ್ ಮಾಡ್ತಾರಾ?"

"ಮಾಡ್ತಾರೆ. ನೀವು ಹೆಣ್ಣು ಅಂತ ಹತ್ಲಿಕ್ಕೆ ಬಿಡುದಿಲ್ಲ, ಅವರು ಶೂ ಇಲ್ಲ ಅಂತ ಹತ್ಲಿಕ್ಕೆ ಬಿಡುದಿಲ್ಲ. ಆ ಬೋಟಿನ ಮರ್ಯಾದೆ ಅಂತ ಹೇಳ್ತೀರಲ್ಲ ಅಪ್ಪ, ಅದು ನಂಗೆ ಯಾವಾಗ ಮರ್ಯಾದೆ ಕೊಟ್ಟಿದೆ? ಒಮ್ಮೆ ಹೇಳಿ. ಒಂದೇ ಒಂದು ಸಲ?"

ಮುಂದಿನ ಸೀಟಿನ ಹೆಂಗಸು ತಿರುಗಿ ನೋಡಿದಳು. ಸೇಸಪ್ಪ ಕೊಡೆಯ ಹಿಡಿಯನ್ನು ತಿರುಗಿಸುತ್ತಾ ಕೂತರು. ತೊಕ್ಕೊಟ್ಟು ಬಂತು. ಇಳಿಯುವಾಗ ಅವಳ ಬ್ಯಾಗಿಗೆ ಕೈ ಚಾಚಿದರು. ಅವಳು ಕೊಡಲಿಲ್ಲ.

ಆಗಸ್ಟಿನಲ್ಲಿ ಬೋಟುಗಳು ಕಡಲಿಗಿಳಿದವು. ಸೆಪ್ಟೆಂಬರಿನಲ್ಲಿ ದೀಪೇಶ್ ಹೋದ. ಹೋಗುವ ಮುಂಚೆ ಅವಳ ಟೇಬಲಿನ ಹತ್ತಿರ ಬಂದು, "ನಿಂದು ಅದು ಯಶು. ನಂಗೆ ನಾಚಿಕೆ ಆಗ್ತದೆ," ಎಂದ. ಒಳ್ಳೆಯ ಹುಡುಗ. ಅವನು ಕೆಟ್ಟವನಾಗಿದ್ದರೆ ಅವಳಿಗೆ ಎಷ್ಟೋ ಅನುಕೂಲವಾಗುತ್ತಿತ್ತು.

ಕೆಲಸ ಮೊದಲಿನಂತೆಯೇ ನಡೆಯಿತು. ಅದೇ ಪರದೆ, ಅದೇ ಬೂದು ನೀರು. ಬೋಟು ಯಂತ್ರದ ಬುಡಕ್ಕೆ ತಲುಪಿದಾಗ ಹೆಡ್‌ಫೋನಿನಲ್ಲಿ ದೀಪೇಶನ ಧ್ವನಿ ಬರುತ್ತಿತ್ತು. ಇಂಗ್ಲಿಷಿನಲ್ಲಿ ಹೇಳಬೇಕಾದದ್ದೆಲ್ಲ ಹೇಳಿ ಮುಗಿಸಿ, ಕೊನೆಗೆ ಮೆಲ್ಲಗೆ, "ಎಂತ ಚಳಿ ಮಾರಾಯ್ತಿ," ಎನ್ನುತ್ತಿದ್ದ. ಅವಳು ಕೇಳಲೇಬೇಕಾದ ಪ್ರಶ್ನೆಗಳನ್ನು ಕೇಳುತ್ತಿದ್ದಳು. ಹೆಲ್ಮೆಟ್? ಇದೆ. ಜಾಕೆಟ್? ಇದೆ. ಮೂರನೆಯದನ್ನು ಕೇಳುವ ಮುಂಚೆ ಅವಳಿಗೆ ಪ್ರತಿ ಸಲವೂ ಒಂದು ಗುಟುಕು ನೀರು ಬೇಕಾಗುತ್ತಿತ್ತು. ಶೂ? "ಇದೆ," ಎನ್ನುತ್ತಿದ್ದ ದೀಪೇಶ್. ಅವನಿಗೆ ವಾಂತಿಯೂ ನಿಂತಿತ್ತಂತೆ.

ಏಳನೇ ನಂಬರಿನ ಶೂವನ್ನು ಅವಳು ಕಂಪನಿಗೆ ವಾಪಸು ಕೊಡಲಿಲ್ಲ. ಯಾರೂ ಕೇಳಲೂ ಇಲ್ಲ. ಆಫೀಸಿಗೆ, ಪೇಟೆಗೆ, ಕೊನೆಗೆ ಮದುವೆ ಮನೆಗೂ ಅದನ್ನೇ ಹಾಕಿಕೊಂಡು ಹೋದಳು. ವಾರಿಜಾಕ್ಷಿ ಹೇಳುವಷ್ಟು ಹೇಳಿ ಬಾಯಿ ನೋಯಿಸಿಕೊಂಡಳು. ಅಪ್ಪ ಮಗಳ ನಡುವೆ ಮಾತು ಊಟಕ್ಕೆ ಬಾ, ಉಪ್ಪು ಕೊಡು ಎಂಬಷ್ಟಕ್ಕೆ ಇಳಿದಿತ್ತು.

ದೀಪಾವಳಿ ಕಳೆದ ಮೇಲೆ ಒಂದು ಭಾನುವಾರ ಸೇಸಪ್ಪನವರೇ ಫೋನ್ ಮಾಡಿದರು. "ಡ್ಯೂಟಿ ಮುಗೀತಾ? ದಕ್ಕೆಗೆ ಒಮ್ಮೆ ಬಂದು ಹೋಗ್ತೀಯಾ? ಸುಮ್ಮನೆ."

ಮಧ್ಯಾಹ್ನದ ಹೊತ್ತು. ದಕ್ಕೆ ಭಣಗುಟ್ಟುತ್ತಿತ್ತು. ಬೋಟಿನ ಹುಡುಗರೆಲ್ಲ ಊಟಕ್ಕೆ ಹೋಗಿದ್ದರು. ಮರುದಿನ ಬೆಳಿಗ್ಗೆ ಬೋಟು ಹೊರಡುವುದಿತ್ತು. ಐಸು ತುಂಬಿಯಾಗಿತ್ತು, ಬಲೆ ಮಡಚಿಯಾಗಿತ್ತು, ಬೆಳಿಗ್ಗೆಯೇ ತೊಳೆದ ಹಲಗೆಗಳು ಬಿಸಿಲಿಗೆ ಒಣಗಿ ಬೆಳ್ಳಗಾಗಿದ್ದವು. ಸೇಸಪ್ಪ ಬೋಟಿನಲ್ಲಿ ನಿಂತು ಎಡಕ್ಕೂ ಬಲಕ್ಕೂ ನೋಡಿ, ಅವಳ ಕಡೆಗೆ ಕೈ ಚಾಚಿದರು.

"ಬಾ," ಎಂದರು. "ಹತ್ತು."

ಅವಳು ತಿರುಗಿ ದಕ್ಕೆಯ ಉದ್ದಕ್ಕೂ ಕಣ್ಣಾಡಿಸಿದಳು. "ಯಾರಾದ್ರೂ ನೋಡಿದ್ರೆ?"

"ನೋಡ್ಲಿ ಮಾರಾಯ್ತಿ. ನೀನು ಬಾ."

ಅವಳು ಒಂದು ಹಿಮ್ಮಡಿಯಿಂದ ಇನ್ನೊಂದನ್ನು ಒತ್ತಿ ಶೂ ಕಳಚಿದಳು. ಬೇಕೆಂದು ಕಳಚಿದಳೋ, ಕಾಲು ತಾನಾಗಿ ಮಾಡಿತೋ ಅವಳಿಗೇ ಗೊತ್ತಿಲ್ಲ. ಅಪ್ಪನ ಕೈ ಹಿಡಿಯುವ ಅಗತ್ಯವಿರಲಿಲ್ಲ, ಆದರೂ ಹಿಡಿದಳು. ಒಳಗೆ ಇಳಿದು, ಬಾಗಿ, ಹಲಗೆ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಸೇಸಪ್ಪ ಮೂತಿಯಿಂದ ಶುರುಮಾಡಿ ಒಂದೊಂದೇ ತೋರಿಸಿದರು. ಮೀನು ತುಂಬುವ ಕೋಣೆ, ಹುಡುಗರು ಮಲಗುವ ಜಾಗ, ದೇವರ ಪಟ. ಸ್ಟಿಯರಿಂಗಿನ ಮುಂದೆ ಅವಳನ್ನು ನಿಲ್ಲಿಸಿ, "ಹಿಡಿ," ಎಂದರು. ಮರದ ಹಿಡಿ ಅಪ್ಪನ ಅಂಗೈ ತಾಗಿ ತಾಗಿ ನುಣುಪಾಗಿತ್ತು. ಆಚೆ ಅಳಿವೆ ಬಾಗಿಲು, ಅದರಾಚೆ ಕಡಲು ಬಿಳಿ ಬಿಳಿಯಾಗಿ ಹೊಳೆಯುತ್ತಿತ್ತು. ಅವಳಿಗೆ ಅಳು ಬಂತು. ನಾಲ್ಕು ತಿಂಗಳ ಸಿಟ್ಟೆಲ್ಲ ಆ ಒಂದು ಗಳಿಗೆಯಲ್ಲಿ ಇಳಿದುಹೋಯಿತು.

"ಜುಲೈಯಲ್ಲೇ ಬಿಡ್ಬೇಕಿತ್ತು ನಾನು," ಎಂದರು ಸೇಸಪ್ಪ, ಕಡಲಿನ ಕಡೆ ನೋಡುತ್ತಾ. "ತಪ್ಪಾಯ್ತು."

"ಇರ್ಲಿ ಅಪ್ಪ."

"ಹುಡುಗರು ಬರುವ ಹೊತ್ತಾಯ್ತು. ನೀನು ಹೋಗು. ನಿನ್ನಮ್ಮನಿಗೆ ಹೇಳು, ರಾತ್ರಿ ಬಂದು ಊಟ ಮಾಡ್ತೇನೆ ಅಂತ."

ಅವಳು ಕಟ್ಟೆಗೆ ದಾಟಿ, ಐಸಿನ ಲಾರಿಗಳ ಪಕ್ಕದಿಂದ ಗೇಟಿನ ಕಡೆ ನಡೆದಳು. ಮೈ ಹಗುರಾಗಿತ್ತು. ಗೇಟಿನ ಹತ್ತಿರ ಡಾಂಬರು 'ಸುರ್' ಎಂದು ಅಂಗಾಲಿಗೆ ತಾಗಿದಾಗಲೇ ಬರಿಗಾಲಿನಲ್ಲಿದ್ದೇನೆಂದು ಗೊತ್ತಾದದ್ದು. ಶೂ ಬೋಟಿನ ಬಳಿಯೇ ಉಳಿದಿತ್ತು. ತನ್ನಷ್ಟಕ್ಕೆ ನಕ್ಕು ಹಿಂದೆ ತಿರುಗಿದಳು.

ಲಾರಿಯ ಮರೆಯಿಂದ ಹೊರಗೆ ಬರಬೇಕೆನ್ನುವಾಗ ನೀರಿನ ಸದ್ದು ಕೇಳಿಸಿತು. ಅಪ್ಪ ಹಗ್ಗ ಕಟ್ಟಿದ ಬಕೆಟನ್ನು ಹೊಳೆಗೆ ಇಳಿಬಿಟ್ಟು ಎಳೆದು, ಹಲಗೆಯ ಮೇಲೆ ಚೆಲ್ಲುತ್ತಿದ್ದರು. ಮೂತಿಯ ಹತ್ತಿರ ಒಂದು ಬಕೆಟು, ಮೀನಿನ ಕೋಣೆಯ ಬಾಯಿಯಲ್ಲಿ ಒಂದು, ಹುಡುಗರ ಜಾಗದ ಮುಂದೆ ಒಂದು. ಅವಳು ನಡೆದ ದಾರಿಯಲ್ಲೇ, ಅದೇ ಕ್ರಮದಲ್ಲಿ. ಮುಖದಲ್ಲಿ ಸಿಟ್ಟಿರಲಿಲ್ಲ, ಅವಸರವೂ ಇರಲಿಲ್ಲ. ದಿನಾ ಮಾಡುವ ಕೆಲಸವನ್ನು ಮಾಡುವವರ ಹಾಗೆ, ಏನೋ ಯೋಚಿಸುತ್ತಾ ಮಾಡುತ್ತಿದ್ದರು. ಸ್ಟಿಯರಿಂಗಿನ ಮರದ ಹಿಡಿಗೆ ಬಕೆಟು ಎತ್ತಲಿಲ್ಲ. ಬೊಗಸೆಯಲ್ಲಿ ನೀರು ತೆಗೆದು ಹಾಕಿ, ಹೆಗಲ ಬಟ್ಟೆಯಿಂದ ಒರೆಸಿದರು. ನೀರು ಬೋಟಿನ ಅಂಚಿನ ತೂತುಗಳಿಂದ ಹೊರಗೆ ಸುರಿದು, ಕೆಂಪು ಅಕ್ಷರಗಳ ಮೇಲೆ ಇಳಿದು ಹೊಳೆ ಸೇರುತ್ತಿತ್ತು.

ಯಶ್ಮಿತಾ ಲಾರಿಯ ಮರೆಯಲ್ಲೇ ನಿಂತಳು. ಐಸು ಕರಗಿ ಲಾರಿಯಿಂದ ತೊಟ್ಟಿಕ್ಕುವ ನೀರು ಅವಳ ಪಾದದ ಸುತ್ತ ತಣ್ಣಗೆ ಹರಡಿತು. ಅಪ್ಪ ಕೊನೆಯ ಬಕೆಟು ಚೆಲ್ಲಿ, ಹಗ್ಗ ಸುತ್ತಿಟ್ಟು, ಇಂಜಿನಿನ ಕೋಣೆಯೊಳಗೆ ಇಳಿದು ಮರೆಯಾಗುವವರೆಗೂ ಅವಳು ಅಲ್ಲಾಡಲಿಲ್ಲ.

ಆಮೇಲೆ ಹೋಗಿ ನೋಡಿದರೆ ಶೂ ಅವಳು ಬಿಟ್ಟಲ್ಲಿ ಇರಲಿಲ್ಲ. ನೀರು ಸಿಡಿಯದಷ್ಟು ದೂರದಲ್ಲಿ, ಲಂಗರು ಹಗ್ಗದ ಸುರುಳಿಯ ಮೇಲೆ, ಲೇಸುಗಳನ್ನು ಒಳಗೆ ತೂರಿಸಿ ಜೋಡಿಸಿ ಇಡಲಾಗಿತ್ತು. ಅವಳು ಕೂತು ಅದನ್ನು ಹಾಕಿಕೊಂಡಳು. ಅದಕ್ಕೆ ಒಂದು ಹನಿಯೂ ತಾಗಿರಲಿಲ್ಲ.